ಆರನೇ ಲೋಟ

ಗಾಂಧಿನಗರದಲ್ಲಿ ಸುತ್ತಾಡುವ ನನ್ನ ಗೆಳೆಯರಿಗೆ ಒಬ್ಬೊಬ್ಬರಿಗೂ ಒಂದೊಂದು ಹುಚ್ಚು. ಒಬ್ಬ ಹಳೇ ಸಿನಿಮಾ ಪೋಸ್ಟರ್ ಕೂಡಿಡುತ್ತಾನೆ. ಇನ್ನೊಬ್ಬನ ಹತ್ತಿರ ಮೊದಲ ದಿನದ ಮೊದಲ ಆಟದ ಟಿಕೆಟ್ ಚೂರುಗಳು ಎರಡು ಡಬ್ಬಿ ತುಂಬ ಇವೆ. ನನ್ನ ಹುಚ್ಚು ಹೇಳಿಕೊಂಡರೆ ಮಾತ್ರ ಎಲ್ಲರೂ ನಗುತ್ತಾರೆ. ನಾನು ಕೂಡಿಡುವುದು ಬಣ್ಣದ ಗಾಜಿನ ಹಳೇ ಲೋಟ, ಬಟ್ಟಲು, ಹೂದಾನಿ! "ಹೆಣ್ಣು ಸಿಗೋ ಮುಂಚೆನೇ ಪಾತ್ರೆ ಪಗಡ ಜೋಡಿಸ್ತಿದೀಯಲ್ಲೋ?" ಎಂದು ರೇಗಿಸುತ್ತಾರೆ. ರೇಗಿಸಲಿ ಬಿಡಿ. ಈ ಹುಚ್ಚು ಹಿಡಿದದ್ದೂ ಸಿನಿಮಾದಿಂದಲೇ ಎಂದರೆ ನೀವು ನಂಬುತ್ತೀರಾ?

ನಮ್ಮದು ತಿಪಟೂರಿನ ಕಡೆ ಒಂದು ಊರು. ಮನೆಯಲ್ಲಿದ್ದದ್ದು ಕಪ್ಪು ಬಿಳುಪಿನ ಟಿವಿ. ಅಮ್ಮನ ಬೀರುವಿನಲ್ಲಿ ಆರು ಗಾಜಿನ ಲೋಟಗಳಿದ್ದವು. ಅಜ್ಜಿ ಯಾವುದೋ ಜಾತ್ರೆಯಲ್ಲಿ ಕೊಂಡು, ಅಮ್ಮನ ಮದುವೆಯಲ್ಲಿ ಮಡಿಲಿಗೆ ಹಾಕಿದ್ದು. ಚೆಂಡುಹೂವಿನ ಬಣ್ಣ. ಬೆಳಕಿಗೆ ಹಿಡಿದು ತಿರುಗಿಸಿದರೆ ಅದರ ಮೈಮೇಲೆ ನೇರಳೆ, ಹಸಿರು, ಗುಲಾಬಿ ಎಲ್ಲ ಹರಿದಾಡುತ್ತಿತ್ತು. ಮಳೆ ಬಂದು ನಿಂತ ಮೇಲೆ ಬಸ್ ಸ್ಟ್ಯಾಂಡಿನ ಗುಂಡಿ ನೀರಿನಲ್ಲಿ ಡೀಸೆಲ್ ತೇಲುತ್ತದಲ್ಲ, ಥೇಟ್ ಹಾಗೆ!

ಒಂದು ಭಾನುವಾರ ಟಿವಿಯಲ್ಲಿ 'ಕಸ್ತೂರಿ ನಿವಾಸ' ಬಂತು. 1971ರ ಚಿತ್ರ, ದೊರೈ-ಭಗವಾನ್ ನಿರ್ದೇಶನ. ಟಿವಿಯೂ ಕಪ್ಪು ಬಿಳುಪು, ಚಿತ್ರವೂ ಕಪ್ಪು ಬಿಳುಪು. ನಾನು ಮೆಲ್ಲಗೆ ಬೀರು ತೆಗೆದು, ಒಂದು ಲೋಟವನ್ನು ಕಣ್ಣಿಗೆ ಹಿಡಿದು ನೋಡಿದೆ. ಅಬ್ಬಾ! ಅಣ್ಣಾವ್ರ ಮುಖಕ್ಕೆ ಬಂಗಾರದ ನೀರು ಹಾಕಿದಂತಾಯಿತು. ಆ ಸಂತೋಷದಲ್ಲಿ ಕೈ ಜಾರಿತು. ಲೋಟ ಚೂರು ಚೂರು.

ಅಮ್ಮ ಹೊಡೆಯಲಿಲ್ಲ. ಚೂರು ಗುಡಿಸುತ್ತಾ "ಕಾಲಿಗೆ ಚುಚ್ಚೀತು, ಆ ಕಡೆ ಹೋಗು" ಎಂದಳು ಅಷ್ಟೇ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. 2014ರಲ್ಲಿ ಅದೇ ಚಿತ್ರಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗ ಎಲ್ಲರೂ ಬೆರಗಾದರು. ನಾನು ಒಳಗೊಳಗೇ ನಕ್ಕೆ. ನಾನದನ್ನು ಚಿಕ್ಕಂದಿನಲ್ಲೇ ಕಲರ್‌ನಲ್ಲಿ ನೋಡಿದ್ದೆನಲ್ಲ!

ಅಪ್ಪ ತೀರಿಕೊಂಡ ವರ್ಷ ಪಿಯುಸಿಗೆ ಕೈ ಮುಗಿದು ಬೆಂಗಳೂರಿಗೆ ಬಂದೆ. ಅಲ್ಲಿ ಇಲ್ಲಿ ಶೂಟಿಂಗ್ ಸುದ್ದಿ ಬರೆದು ಹೊಟ್ಟೆ ಹೊರೆಯತೊಡಗಿದೆ. ಒಂದು ಭಾನುವಾರ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗ, ಮುರಿದ ರೇಡಿಯೋಗಳ ನಡುವೆ ಅದೇ ಬಣ್ಣದ ಒಂದು ಬಟ್ಟಲು ಕಂಡಿತು. ಎರಡು ದಿನದ ಊಟದ ದುಡ್ಡು ಕೊಟ್ಟು ತಂದೆ. ಅಲ್ಲಿಂದ ಶುರು.

ಆಮೇಲೆ ಒಂದೊಂದೇ ತಿಳಿಯುತ್ತಾ ಹೋಯಿತು. ಈ ಗಾಜಿಗೆ ಪರದೇಶದವರು 'ಕಾರ್ನಿವಲ್ ಗ್ಲಾಸ್' ಎನ್ನುತ್ತಾರೆ. ನಮ್ಮ ಮಾತಲ್ಲಿ ಜಾತ್ರೆ ಗಾಜು! ಕುಲುಮೆಯಿಂದ ಬಂದ ಗಾಜನ್ನು ಅಚ್ಚಿನಲ್ಲಿ ಒತ್ತಿ, ಬಿಸಿ ಆರುವ ಮುಂಚೆಯೇ ಲೋಹದ ಲವಣದ ದ್ರಾವಣ ಸಿಂಪಡಿಸುತ್ತಾರೆ. ಆ ತೆಳ್ಳನೆಯ ಪದರವೇ ಕಾಮನಬಿಲ್ಲು ತೋರಿಸುವುದು. ಗಾಜಿನ ಒಳಗಿನ ಬಣ್ಣದ ಗುಟ್ಟೇ ಬೇರೆ. ಕೋಬಾಲ್ಟ್ ಸೇರಿದರೆ ಕಡು ನೀಲಿ, ಕಬ್ಬಿಣದ ಅಂಶವಿದ್ದರೆ ಹಸಿರು, ಚಿನ್ನ ಅಥವಾ ಸೆಲೆನಿಯಂ ಬೆರೆತರೆ ಕೆಂಪು. ಅಮೆರಿಕದಲ್ಲಿ ಈ ಜಾತ್ರೆ ಗಾಜು 1907ರ ಸುಮಾರಿಗೆ ಶುರುವಾಯಿತು. ನಮ್ಮ ದೇಶದಲ್ಲಿ ಇದನ್ನು ಮಾಡುತ್ತಿದ್ದವರಲ್ಲಿ ಹೆಸರಾದದ್ದು ಬಳೆಗಳ ಊರು ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್. ಆ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅವರ ಎಷ್ಟೋ ಲೋಟಗಳ ತಳದಲ್ಲಿ 'ಜೈನ್' ಎಂಬ ಇಂಗ್ಲಿಷ್ ಅಕ್ಷರಗಳು ಉಬ್ಬಿಕೊಂಡಿರುತ್ತವೆ. ಅಮ್ಮನ ಲೋಟದ ತಳದಲ್ಲೂ ಅದೇ ಇತ್ತು! ನಾನು ಚಿಕ್ಕಂದಿನಲ್ಲಿ ಬೆರಳಾಡಿಸಿ ಓದುತ್ತಿದ್ದ ಅಕ್ಷರ.

ನಿಮ್ಮ ಅಜ್ಜಿ ಮನೆಯಲ್ಲೂ ಇಂಥದ್ದು ಇದ್ದೀತು, ನೋಡಿ. ಸಿಕ್ಕರೆ ಸಬೀನಾ, ನಾರು ಹಾಕಿ ಮಾತ್ರ ತಿಕ್ಕಬೇಡಿ. ಮೇಲಿನ ಪದರ ಹೋದರೆ ಕಾಮನಬಿಲ್ಲೂ ಹೋಯಿತು. ಉಗುರು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು. ಹಳೇ ಲೋಟವಾದರೆ ತಳದ ಅಂಚಿನಲ್ಲಿ, ಇಟ್ಟು ಎತ್ತಿ ಸವೆದ ಸಣ್ಣ ಗೀರುಗಳಿರುತ್ತವೆ. ಅದು ಅದರ ವಯಸ್ಸು.

ಈ ಹವ್ಯಾಸದಲ್ಲಿ ಒಂದು ಕೆಟ್ಟ ರೋಗವೂ ಇದೆ. ಅದರ ಹೆಸರು 'ಸೆಟ್'. ಐದು ಸಿಕ್ಕವನಿಗೆ ಆರನೆಯದು ಸಿಗುವ ತನಕ ನಿದ್ದೆಯಿಲ್ಲ. 1930ರ ದಶಕದಲ್ಲಿ ಅಮೆರಿಕದ ಜನರ ಕೈಯಲ್ಲಿ ದುಡ್ಡಿಲ್ಲದೆ ಚಿತ್ರಮಂದಿರಗಳು ಖಾಲಿ ಹೊಡೆಯುತ್ತಿದ್ದಾಗ, ಮಾಲೀಕರು ಹಿಡಿದದ್ದು ಇದೇ ರೋಗದ ಜುಟ್ಟನ್ನು. ವಾರಕ್ಕೊಂದು ರಾತ್ರಿ ಟಿಕೆಟ್ ಕೊಂಡ ಹೆಂಗಸರಿಗೆ ಒಂದು ತಟ್ಟೆಯೋ ಬಟ್ಟಲೋ ಪುಕ್ಕಟೆ. ಈ ವಾರ ತಟ್ಟೆ, ಮುಂದಿನ ವಾರ ಸಾಸರ್! ಸೆಟ್ ತುಂಬಬೇಕಾದರೆ ವಾರ ವಾರ ಬರಲೇಬೇಕು. ಚಿತ್ರ ಡಬ್ಬಾ ಆದರೂ ಹೌಸ್‌ಫುಲ್. ಕತ್ತಲಲ್ಲಿ ಯಾರದೋ ಮಡಿಲಿಂದ ತಟ್ಟೆ ಜಾರಿ 'ಫಳಾರ್' ಎನ್ನುವುದೂ ಇತ್ತಂತೆ.

ನನ್ನ ಸೆಟ್ಟಿಗೆ ಬೇಕಿದ್ದದ್ದು ಒಂದೇ ಒಂದು ಲೋಟ. ನಾನು ಒಡೆದದ್ದು. ಅದಕ್ಕಾಗಿ ಭಾನುವಾರ ಬಂತೆಂದರೆ ಚಿಕ್ಕಪೇಟೆ, ರಜೆ ಸಿಕ್ಕರೆ ಶಿವಾಜಿನಗರದ ಗುಜರಿ. ಊರಿಗೆ ಹೋಗುವುದು ಕಡಿಮೆಯಾಯಿತು. ಕೊನೆಗೆ ಒಂದು ದಿನ ಸಿಕ್ಕೇ ಸಿಕ್ಕಿತು! ಅದೇ ಬಣ್ಣ, ಅದೇ ಅಚ್ಚು, ತಳದಲ್ಲಿ ಅದೇ ಅಕ್ಷರ. ಎರಡು ಲೇಖನದ ಸಂಭಾವನೆ ಸುರಿದು ಕೊಂಡೆ. ಪೇಪರಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆ. ನಿಜ ಹೇಳುತ್ತೇನೆ, ಆರನೆಯದನ್ನು ಅಮ್ಮನಿಗೆ ಕೊಡಲು ಹೋದವನಲ್ಲ ನಾನು. ಉಳಿದ ಐದನ್ನು ತರಲು ಹೋಗಿದ್ದೆ. ಶೋಕೇಸಿನಲ್ಲಿ ಜಾಗ ಕೂಡ ಮಾಡಿಟ್ಟಿದ್ದೆ.

ಬೀರು ತೆಗೆದರೆ ಖಾಲಿ.

"ಲೋಟ ಎಲ್ಲಮ್ಮ?"

"ಎದುರು ಮನೆ ಹುಡುಗಿ ಮದುವೆಗೆ ಕೊಟ್ಟೆ ಕಣೋ."

ತಲೆ ತಿರುಗಿತು. "ಅದರ ಬೆಲೆ ಗೊತ್ತೇನಮ್ಮ ನಿನಗೆ?" ಎಂದು ಕೂಗಾಡಿದೆ. ಅಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಹದಿನೈದು ದಿನ ಜ್ವರದಲ್ಲಿ ಬಿದ್ದಿದ್ದೆ. ಗಂಜಿ ಕಾಯಿಸಿ ಕುಡಿಸಿದ್ದು ಆ ಹುಡುಗಿ. ಚಂದದ್ದು ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ."

"ನನಗೆ ಫೋನ್ ಮಾಡಬಾರದಿತ್ತಾ?"

"ಮಾಡಿದ್ದೆ ಕಣಪ್ಪ. ಸಂಡೇ ಬಜಾರ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ ಅಂದೆ."

ನಾನು ಆಮೇಲೆ ಮಾಡಿರಲಿಲ್ಲ.

ಸಂಜೆ ಆ ಹುಡುಗಿಯ ಮನೆಗೆ ಹೋದೆ. ಅವಳನ್ನು ಕೊಟ್ಟಿದ್ದು ಮುಂದಿನ ಬೀದಿಗೇ. ಬ್ಯಾಗಿನಲ್ಲಿ ಲೋಟ ಇತ್ತು, ಜೇಬಿನಲ್ಲಿ ದುಡ್ಡಿತ್ತು. ಹೇಗಾದರೂ ಮಾತಾಡಿ ಐದನ್ನೂ ವಾಪಸು ಕೊಂಡುಬಿಡೋಣ ಎಂಬ ಆಸೆ ಇನ್ನೂ ಸತ್ತಿರಲಿಲ್ಲ, ಮುಚ್ಚಿಡುವುದೇಕೆ? "ಬನ್ನಿ ಅಣ್ಣ" ಎಂದು ಚಾಪೆ ಹಾಸಿ, ನಿಂಬೆಹಣ್ಣಿನ ಪಾನಕ ತಂದಳು. ತಂದದ್ದು ಅದೇ ಲೋಟದಲ್ಲಿ! ಅಂಚು ಒಂದು ಕಡೆ ಚಿಕ್ಕಿತ್ತು. ನನ್ನಂಥವನ ಲೆಕ್ಕದಲ್ಲಿ ಅರ್ಧ ಬೆಲೆ ಹೋದಂತೆ.

"ದಿನಾ ಇದರಲ್ಲೇ ಕುಡೀತೀವಿ ಅಣ್ಣ. ಬೀರಲ್ಲಿ ಮುಚ್ಚಿಡಬೇಡ ಅಂತ ನಿಮ್ಮಮ್ಮ ಹೇಳಿದಾರೆ" ಎಂದಳು.

'ಕಸ್ತೂರಿ ನಿವಾಸ'ದ ಕೊನೆ ನಿಮಗೆ ನೆನಪಿದೆಯಲ್ಲ? ಮನೆಗೆ ಬಂದವರಿಗೆ ಊಟ ಹಾಕಲು ನಾಯಕ ತನ್ನ ಮುದ್ದಿನ ಪಾರಿವಾಳವನ್ನೂ ಬಿಟ್ಟುಕೊಡುತ್ತಾನೆ. ಬಂದವರು ಕೇಳಲು ಬಂದದ್ದು ಆ ಪಾರಿವಾಳವನ್ನೇ! ಎಷ್ಟು ಸಲ ನೋಡಿ ಅತ್ತಿದ್ದೇನೋ ಲೆಕ್ಕವಿಲ್ಲ. ಕೊಡುವ ಕೈ ನಮ್ಮ ಮನೆಯಲ್ಲೇ ಇತ್ತು. ನಾನೋ, ಕೇಳಲು ಬಂದು ಕೂತಿದ್ದೆ.

ಪಾನಕ ಕುಡಿದು ಮುಗಿಸಿದೆ. ಬ್ಯಾಗಿನಿಂದ ಪೇಪರ್ ಸುತ್ತಿದ್ದನ್ನು ತೆಗೆದು ಅವಳ ಕೈಗಿಟ್ಟೆ. "ಇದು ಆರನೇದು ಕಣಮ್ಮ. ಅಮ್ಮ ಕೊಟ್ಟಿದ್ದರಲ್ಲಿ ಒಂದು ಕಮ್ಮಿ ಇತ್ತು" ಎಂದೆ. ಅವಳು ಪೇಪರ್ ಬಿಚ್ಚಿ ಬೆಳಕಿಗೆ ಹಿಡಿದಳು.

ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಇನ್ನೊಂದು ಮುದ್ದೆ ತಟ್ಟೆಗೆ ಹಾಕಿದಳು.

ನನ್ನ ಶೋಕೇಸಿನಲ್ಲಿ ಆರು ಲೋಟದ ಜಾಗ ಇವತ್ತಿಗೂ ಖಾಲಿ ಇದೆ. ಹುಚ್ಚು ಬಿಟ್ಟಿದೆ ಎಂದರೆ ಸುಳ್ಳಾದೀತು. ಸಂಡೇ ಬಜಾರಿಗೆ ಈಗಲೂ ಹೋಗುತ್ತೇನೆ. ಆದರೆ ಅಮ್ಮನ ಫೋನ್ ಬಂದರೆ, ಕೈಯಲ್ಲಿ ಎಂಥ ಲೋಟ ಇದ್ದರೂ ಮೊದಲು ಅದನ್ನು ಕೆಳಗಿಡುತ್ತೇನೆ.