ಮಣ್ಣಿನ ವಾಸನೆ ಯಾರದು?

ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದರ ಮೇಲೆ ಕನ್ನಡದಲ್ಲಿ ಎಷ್ಟು ಪದ್ಯ ಬಂದಿವೆಯೋ ಲೆಕ್ಕ ಇಟ್ಟವರಿಲ್ಲ. ಬರೆದವರಲ್ಲಿ ಬಹಳ ಜನ ಕಿಟಕಿಯ ಒಳಗೆ ಕೂತು ಮೂಸಿದವರು. ನಮ್ಮ ಕೇರಿಯಲ್ಲಿ ಆ ವಾಸನೆ ಎದ್ದರೆ ಯಾರ ಬಾಯಲ್ಲೂ ಪದ್ಯ ಬರುತ್ತಿರಲಿಲ್ಲ. ಅವ್ವ ತಲೆಯೆತ್ತಿ ಸೂರು ನೋಡುತ್ತಿದ್ದಳು, ಈ ಸಲ ಎಲ್ಲಿ ಸೋರುತ್ತದೋ ಅಂತ. ಅಪ್ಪ 'ನಾಳಿಂದ ಆರು ಕಟ್ಬೇಕು' ಅನ್ನುತ್ತಿದ್ದ. ಆರು ಗೌಡರದು, ಎತ್ತು ಗೌಡರದು, ಹೊಲ ಗೌಡರದು. ಕಟ್ಟುವ ಕೈ ಮಾತ್ರ ಅಪ್ಪನದು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಕೆಲಸ ಸಿಕ್ಕ ಮೇಲೆ ಈ ವಾಸನೆಯ ಬೆನ್ನು ಹತ್ತಿದೆ. ಒಣಗಿದ ಕಲ್ಲು ಮಣ್ಣು ಹೀರಿಕೊಂಡ ಗಿಡಗಂಟಿಗಳ ಎಣ್ಣೆಯ ಅಂಶವೂ ಅದರಲ್ಲಿ ಸೇರಿರುತ್ತದೆ. ಆದರೆ ಮಣ್ಣಿನ ವಾಸನೆ ಅಂತ ನಾವು ಗುರುತು ಹಿಡಿಯುವುದು ಮುಖ್ಯವಾಗಿ ಮಣ್ಣೊಳಗೆ ಬದುಕಿರುವ ಬ್ಯಾಕ್ಟೀರಿಯಾಗಳ ಕೆಲಸ. ಅವುಗಳಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನುವ ಕುಲ ದೊಡ್ಡದು. ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಹಬ್ಬುತ್ತವೆ, ಸತ್ತ ಎಲೆ, ಬೇರು, ಹುಲ್ಲು ಎಲ್ಲವನ್ನೂ ಕೊಳೆಸಿ ಮತ್ತೆ ಮಣ್ಣು ಮಾಡುತ್ತವೆ. ಊರಿನ ಸತ್ತದ್ದನ್ನು ಹೊರುವ ಕೆಲಸ ಯಾರ ಪಾಲಿಗೆ ಬಂದಿತ್ತು ಅನ್ನುವುದು ನಿಮಗೆ ಗೊತ್ತಿದೆ. ನೆಲದೊಳಗೆ ಆ ಕೆಲಸ ಇವುಗಳದು. ಇವು ಗಾಳಿಗೆ ಬಿಡುವ ವಸ್ತುವಿನ ಹೆಸರು ಜಿಯೋಸ್ಮಿನ್. 1965ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಶವಲಿಯೇ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಗ್ರೀಕಿನಲ್ಲಿ ಅದರ ಅರ್ಥ ಮಣ್ಣಿನ ವಾಸನೆ, ಅಷ್ಟೇ.

ಹನಿ ಬಿದ್ದಾಗ ಮಣ್ಣಿನ ಸಂದಿನ ಗಾಳಿ ಗುಳ್ಳೆಯಾಗಿ ಮೇಲೆದ್ದು ಸೋಡಾ ಸಿಡಿದ ಹಾಗೆ ಸಿಡಿಯುತ್ತದೆ, ವಾಸನೆಯನ್ನು ಹೊತ್ತು ತರುತ್ತದೆ. 2015ರಲ್ಲಿ ಇದನ್ನು ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಜಡಿಮಳೆಗಿಂತ ಸಣ್ಣ ಮಳೆಗೇ ಇದು ಹೆಚ್ಚು. ಬ್ಯಾಕ್ಟೀರಿಯಾಕ್ಕೆ ಇದರಿಂದ ಏನು ಲಾಭ? ಸ್ಪ್ರಿಂಗ್‌ಟೇಲ್ ಅನ್ನುವ ಪುಟ್ಟ ಜೀವಿ ಈ ವಾಸನೆ ಹಿಡಿದು ಬಂದು ಮೇಯುತ್ತದೆ, ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ಬೇರೆ ಕಡೆ ಹಂಚುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ನಮ್ಮ ಕವಿಗಳಿಗಾಗಿ ಅದು ಘಮಘಮಿಸುತ್ತಿರಲಿಲ್ಲ ಅಂತಾಯಿತು.

ಮನುಷ್ಯನ ಮೂಗು ಇದಕ್ಕೆ ಬಹಳ ಚುರುಕು. ನೀರಿನ ಲಕ್ಷ ಕೋಟಿ ಪಾಲಿನಲ್ಲಿ ಹತ್ತು ಪಾಲು ಇದ್ದರೂ ಪತ್ತೆ ಮಾಡುತ್ತದೆ. ಇಂಥಾ ಮೂಗಿಗೆ ನಮ್ಮ ಸಮಾಜ ಬೇರೆಯೇ ಒಂದು ಪಾಠ ಕಲಿಸಿದೆ. ಕಳೆ ಕಿತ್ತು ಬಂದ ಅವ್ವ ಒಂದು ಸಂಜೆ ಕೂಲಿಗಾಗಿ ಜಗಲಿಯ ಕೆಳಗೆ ನಿಂತಿದ್ದಳು. ನಾನು ಅವಳ ಸೆರಗು ಹಿಡಿದಿದ್ದೆ. ಒಳಗಿನಿಂದ ಬಂದ ಅಮ್ಮಾವ್ರು ಮೂಗಿಗೆ ಬಟ್ಟೆ ಒತ್ತಿಕೊಂಡು 'ಅತ್ಲಾಗ್ ನಿಂತ್ಕಳೆ, ಏನು ನಾತ' ಅಂದರು. ಅವ್ವ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಅವಳ ಕೈಕಾಲಿಗೆ ಮೆತ್ತಿದ್ದದ್ದು ಅವರದೇ ಹೊಲದ ಮಣ್ಣು. ಮಳೆ ಬಂದಾಗ ಅವರ ಜಗಲಿಗೆ ಅದು ಘಮ, ಅವ್ವನ ಮೈಗೆ ಅಂಟಿದರೆ ನಾತ. ಜಿಯೋಸ್ಮಿನ್‌ನ ಒಂದು ಅಣುವಿನಲ್ಲಿ ಇಂಗಾಲದ ಪರಮಾಣು 12, ಜಲಜನಕದ್ದು 22, ಆಮ್ಲಜನಕದ್ದು 1. ಜಾತಿಯ ಪರಮಾಣು ಎಲ್ಲಿಂದ ಬಂದು ಸೇರಿತು?

ಕೆರೆ ನೀರಿಗೆ ಬರುವ ಕೆಸರು ವಾಸನೆಯೂ ಬಹುಪಾಲು ಇದೇ. ಅಲ್ಲಿ ಪಾಚಿಯಂಥ ನೀಲಿ-ಹಸಿರು ಬ್ಯಾಕ್ಟೀರಿಯಾಗಳೂ ಇದನ್ನು ತಯಾರು ಮಾಡುತ್ತವೆ. ಕುಡಿದವರಿಗೆ ಜಿಯೋಸ್ಮಿನ್‌ನಿಂದ ಕೇಡಿಲ್ಲ. ಆದರೂ ನಗರದ ನಲ್ಲಿಯಲ್ಲಿ ಇದು ಬಂದರೆ ಅಳೆಯಲು ಯಂತ್ರವಿದೆ, ತೆಗೆಯಲು ಇದ್ದಿಲಿದೆ. 1927ರ ಮಾರ್ಚಿಯಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದ ಮೇಲೆ ಸವರ್ಣೀಯರು 108 ಮಡಕೆ ಸೆಗಣಿ, ಗಂಜಲ, ಹಾಲು, ಮೊಸರಿನಿಂದ ಆ ಕೆರೆಯನ್ನು 'ಶುದ್ಧ' ಮಾಡಿದರು. ಅದಕ್ಕೆ ಯಾವ ಯಂತ್ರ ಬೇಕಿತ್ತು?

ಕೆಸರು ವಾಸನೆ ಕಳೆಯುವ ವಿದ್ಯೆ ನಮ್ಮ ಅಜ್ಜಿಗೆ ಗೊತ್ತಿತ್ತು. ಕೆರೆ ಮೀನನ್ನು ಹುಣಸೆಹುಳಿ ಕಿವುಚಿದ ನೀರಲ್ಲಿ ನೆನೆಹಾಕದೆ ಒಲೆ ಮೇಲೆ ಇಡುತ್ತಿರಲಿಲ್ಲ. ಹುಳಿ ತಾಗಿದರೆ ಜಿಯೋಸ್ಮಿನ್ ವಾಸನೆಯಿಲ್ಲದ ಬೇರೊಂದು ವಸ್ತುವಾಗಿ ಬದಲಾಗುತ್ತದೆ. ಅವಳು ರಸಾಯನಶಾಸ್ತ್ರ ಓದಿರಲಿಲ್ಲ, ಸ್ಲೇಟನ್ನೇ ಮುಟ್ಟಿರಲಿಲ್ಲ.

1970ರ ದಶಕದಲ್ಲಿ ಅಪ್ಪನಿಗೆ ಕ್ಷಯ ಹಿಡಿಯಿತು. ಕೆಮ್ಮಿದರೆ ರಕ್ತ. ಆರಿನ ಹಿಂದೆ ಹೋಗುವ ಶಕ್ತಿಯಿಲ್ಲ ಅಂದ ಮೇಲೆ ಕೂಲಿಯೂ ಇಲ್ಲ. ಅವ್ವ ಅವನನ್ನು ದಿನಾ ನಾಲ್ಕು ಮೈಲಿ ನಡೆಸಿಕೊಂಡು ಸರಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದಳು. ಆ ಸೂಜಿಯ ಮದ್ದು ಸ್ಟ್ರೆಪ್ಟೊಮೈಸಿನ್. ಹೆಸರು ಕೇಳಿದರೇ ಹೊಳೆಯಬೇಕು, ಅದೇ ಸ್ಟ್ರೆಪ್ಟೊಮೈಸಿಸ್ ಕುಲದ್ದು. 1943ರಲ್ಲಿ ಅದೇ ರಟ್ಗರ್ಸ್‌ನ ನೆಲಮಾಳಿಗೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23 ವರ್ಷದ ವಿದ್ಯಾರ್ಥಿ ಗೊಬ್ಬರ ಚೆನ್ನಾಗಿ ಬಿದ್ದ ಹೊಲದ ಮಣ್ಣಿನಿಂದ ಆ ಜೀವಿಯನ್ನು ಹೆಕ್ಕಿದ. ಕ್ಷಯದ ರೋಗಾಣುಗಳನ್ನು ಎದುರಿಗಿಟ್ಟುಕೊಂಡು ಅಲ್ಲೇ ಕೆಲಸ ಮಾಡಿದ. 1952ರ ನೊಬೆಲ್ ಬಹುಮಾನ ಬಂದದ್ದು ಮಾತ್ರ ಅವನ ಮೇಷ್ಟ್ರು ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ. ಶಾಟ್ಜ್ 1950ರಲ್ಲಿ ಕೋರ್ಟಿಗೆ ಹೋಗಿ, ತಾನೂ ಕಂಡುಹಿಡಿದವನು ಎಂದು ಒಪ್ಪಿಸಿಕೊಂಡಿದ್ದ, ಗೌರವಧನದಲ್ಲಿ ನೂರಕ್ಕೆ ಮೂರು ಪಾಲು ಪಡೆದಿದ್ದ. ಬಹುಮಾನ ಕೊಡುವವರಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಮೊದಲ ಪ್ರಬಂಧದಲ್ಲಿ ಜೊತೆಗೆ ಹೆಸರಿದ್ದ ಎಲಿಜಬೆತ್ ಬ್ಯೂಗಿ ಎಂಬ ಹೆಣ್ಣುಮಗಳ ಹೆಸರಂತೂ ಪೇಟೆಂಟಿನಲ್ಲೇ ಇಲ್ಲ. ನೆಲಮಾಳಿಗೆಯಲ್ಲಿ ದುಡಿದವರ ಕಥೆ ಅಮೆರಿಕದಲ್ಲೂ ಹೀಗೇ.

ಅಪ್ಪ ಬದುಕಿದ. ಮುಂದೆ ಒಂದು ದಿನ ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಬೀಡಿ ಕೆಳಗಿಟ್ಟು ಕೇಳಿದ: 'ಹಂಗಾರೆ ಗೌಡ್ರ ಹೊಲ್ದಾಗೂ ಇತ್ತೇನ್ಲಾ ಅದು? ನಾನು ದಿನಾ ತುಳೀತಿದ್ನಲ್ಲ ಅದ್ನ.' 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯ ಅಂದರು. ಗೇಣಿ ಚೀಟಿ ಇದ್ದವನು ಅರ್ಜಿ ಹಾಕಿದ. ಅಪ್ಪ ಉತ್ತದ್ದು ಕೂಲಿಗೆ, ಅವನ ಹತ್ತಿರ ಯಾವ ಚೀಟಿ ಇತ್ತು?

ಮಳೆಯ ಈ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಬೇರ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು 'ಪೆಟ್ರಿಕೋರ್' ಅಂತ ಹೆಸರಿಟ್ಟರು. ಕಲ್ಲು, ಮತ್ತೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತ ಎರಡೂ ಸೇರಿ ಆ ಪದ. ರಕ್ತ ಹುಡುಕಿಕೊಂಡು ದೇವತೆಗಳವರೆಗೆ ಹೋಗಬೇಕಿರಲಿಲ್ಲ. ಉತ್ತರಪ್ರದೇಶದ ಕನೌಜಿನಲ್ಲಿ ಇದನ್ನು ಅತ್ತರು ಮಾಡಿ ಮಾರುತ್ತಾರೆ. ಸುಟ್ಟ ಮಣ್ಣಿನ ಚೂರುಗಳನ್ನು ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ದುಡ್ಡಿದ್ದವರು ಮಣಿಕಟ್ಟಿಗೆ ಹಚ್ಚಿಕೊಳ್ಳಬಹುದು.

ಇಸ್ಕೂಲಿನಲ್ಲಿ ಈ ಪಾಠ ಮಾಡುವ ಮುಂಚೆ ಮಕ್ಕಳಿಗೆ ಮನೆಯಿಂದ ಒಂದೊಂದು ಹಿಡಿ ಮಣ್ಣು ತನ್ನಿ ಅಂದಿದ್ದೆ. ಕೊನೇ ಬೆಂಚಿನ ಹುಡುಗಿ ಎದ್ದು ನಿಂತಳು.

'ಸಾ, ನಮ್ಗೆ ಹೊಲ ಇಲ್ಲ. ಯಾರ ಹೊಲ್ದಿಂದ ತರ್ಲಿ?'

ಕೇರಿ ಹಿಂದಿನ ತಿಪ್ಪೆಯ ಮಣ್ಣು ತಾರವ್ವ ಅಂದೆ. ಅವಳು ಕಾಗದದಲ್ಲಿ ಕಟ್ಟಿಕೊಂಡು ಬಂದಳು. ಒಣಗಿಸಿ, ನೀರು ಚಿಮುಕಿಸಿ, ಎಲ್ಲರ ಪೊಟ್ಟಣಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಮಕ್ಕಳು ಒಬ್ಬೊಬ್ಬರಾಗಿ ಬಂದು ಬಗ್ಗಿ ಮೂಸಿದರು. ಯಾವುದು ಯಾರ ಹೊಲದ್ದು ಅಂತ ಹೇಳಲು ಅವರಿಗೆ ಆಗಲಿಲ್ಲ.