ಕೊಂಬಿನ ಜಾಡು ಹಿಡಿದು

ಹುಬ್ಬಳ್ಳಿಯ ಒಂದು ಆಪರೇಷನ್ ಥಿಯೇಟರಿನಲ್ಲಿ ನೀವೀಗ ಸರ್ಜನ್ ಪಕ್ಕ ನಿಂತಿದ್ದೀರಿ. ಮೇಜಿನ ಮೇಲೆ ಹಾವೇರಿ ಕಡೆಯ ಹಮಾಲ. ಹೋರಿ ಹಬ್ಬದಲ್ಲಿ ಓಡುವ ಹೋರಿಯ ಕೊಬ್ಬರಿ ಹಾರಕ್ಕೆ ಕೈ ಹಾಕಿದಾಗ ಕೊಂಬು ಎಡ ಪಕ್ಕೆಯ ಕೆಳಗಿನ ಎಲುಬುಗಳ ನಡುವೆ ಹೊಕ್ಕಿದೆ. ಗಾಯ ಎರಡು ಬೆರಳಗಲ; ಒಳಗೆ ಎಷ್ಟು ದೂರ ಹೋಗಿದೆಯೋ ಯಾರಿಗೂ ಗೊತ್ತಿಲ್ಲ.

ನಾಡಿ 92, ಬಿ.ಪಿ. 116. ಅದಕ್ಕೇ ಲ್ಯಾಪರೋಸ್ಕೋಪಿ: ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ನೋಡುವುದು. ಬಿ.ಪಿ. ಕುಸಿದಿದ್ದರೆ ಒಂದು ನಿಮಿಷವೂ ತಡೆಯದೆ ಹೊಟ್ಟೆ ಕೊಯ್ಯಬೇಕಿತ್ತು. ಅಂಥ ಹೊತ್ತಲ್ಲಿ ಕ್ಯಾಮೆರಾದ ಮಾತೆತ್ತುವುದೇ ತಪ್ಪು. ಸಿ.ಟಿ. ಸ್ಕ್ಯಾನಿನಲ್ಲಿ ಗುಲ್ಮ, ಮೂತ್ರಪಿಂಡ ಸರಿಯಾಗಿವೆ. ಆದರೆ ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಾದ ಸಣ್ಣ ತೂತು ಸ್ಕ್ಯಾನಿಗೆ ಎಷ್ಟೋ ಸಲ ಸಿಗುವುದಿಲ್ಲ. ಹಾಗೇ ಬಿಟ್ಟರೆ ವರ್ಷಗಳಾದ ಮೇಲೂ ಜಠರವೋ ಕರುಳೋ ಅದರಲ್ಲಿ ನುಗ್ಗಿ ಸಿಕ್ಕಿಹಾಕಿಕೊಂಡೀತು. ಕಣ್ಣಾರೆ ನೋಡಲೇಬೇಕು.

ಹೊಕ್ಕುಳ ಬಳಿ 10 ಮಿ.ಮೀ. ರಂಧ್ರ. ಇಂಗಾಲದ ಡೈಆಕ್ಸೈಡ್ ಸುಯ್ಯೆಂದು ಒಳಗಿಳಿದು ಹೊಟ್ಟೆ ಉಬ್ಬುತ್ತದೆ. 1901ರಲ್ಲಿ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ಕೊಳವೆಯಲ್ಲಿ ಇಣುಕಿದ ಜರ್ಮನಿಯ ಗೇಯೊರ್ಗ್ ಕೆಲಿಂಗ್‌ಗೆ ಇದ್ದ ಆಸೆ ಇದು: ಗಾಳಿಯ ಒತ್ತಡದಿಂದ ಒಳಗಿನ ರಕ್ತಸ್ರಾವ ನಿಲ್ಲಿಸುವುದು.

ಪರದೆಯಲ್ಲಿ ಕೆಂಪು. ಸಕ್ಷನ್ ನಳಿಕೆ ರಕ್ತ ಹೀರಿಕೊಂಡಂತೆ ಗುಲ್ಮದ ನೇರಳೆ ಅಂಚು, ಜಠರದ ಬಿಳುಪು ಕಾಣುತ್ತವೆ. ಮೇಲೆ, ವಪೆಯ ಎಡ ಗುಮ್ಮಟದಲ್ಲಿ, ಎರಡು ಸೆಂಟಿಮೀಟರ್ ಸೀಳು! ಉಸಿರಿಗೊಮ್ಮೆ ಅದರ ಅಂಚು ಅದುರುತ್ತಿದೆ.

"ಸರ್, ಬಿ.ಪಿ. 84," ಅರಿವಳಿಕೆ ವೈದ್ಯೆಯ ದನಿ.

ಸೀಳಿನಿಂದ ಗ್ಯಾಸ್ ಎದೆಗೂಡಿಗೆ ನುಗ್ಗಿ ಶ್ವಾಸಕೋಶವನ್ನು ಅದುಮುತ್ತಿದೆ. "ಗ್ಯಾಸ್ ಬಿಡಿ, ಸಿಸ್ಟರ್." ಉಬ್ಬಿದ ಹೊಟ್ಟೆ ಇಳಿಯುತ್ತದೆ. ಪಕ್ಕೆಲುಬಿನ ನಡುವೆ ನಳಿಕೆ ಹೋಗುತ್ತದೆ. 96. 110. ಈಗ ಒತ್ತಡ ಕಡಿಮೆಯಿಟ್ಟು ಮತ್ತೆ ಶುರು. ಕರಗದ ದಾರದಲ್ಲಿ ನಾಲ್ಕು ಹೊಲಿಗೆ ಬಿದ್ದು ಸೀಳು ಮುಚ್ಚುತ್ತದೆ.

ಇಲ್ಲಿಗೇ ಕೈ ತೊಳೆಯುವವರನ್ನು ನಾನು ನಂಬಲಾರೆ. ಲ್ಯಾಪರೋಸ್ಕೋಪಿಯ ಮೇಲಿದ್ದ ದೊಡ್ಡ ದೂರೇ ಕರುಳಿನ ಗಾಯ ಕಣ್ತಪ್ಪುತ್ತದೆಂಬುದು. ಈ ಸರ್ಜನ್ ಹಾಗಲ್ಲ. ಎರಡು ಇಕ್ಕಳಗಳಲ್ಲಿ ಸಣ್ಣ ಕರುಳನ್ನು ಮೊದಲಿನಿಂದ ಹಿಡಿದು, ಸೀರೆಯ ಅಂಚು ಪರೀಕ್ಷಿಸುವಂತೆ, ಗೇಣು ಗೇಣಾಗಿ ಸರಿಸುತ್ತಾರೆ. ಈ ಮಗ್ಗುಲು, ಆ ಮಗ್ಗುಲು. ಒಂದು ಕಡೆ ಕಪ್ಪು ಕಂದಿದ ಗುರುತು. ನಿಲ್ಲಿಸಿ, ಹತ್ತಿರದಿಂದ ನೋಡಿ, ತೂತಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದೆ. ದೊಡ್ಡ ಕರುಳಿನ ಎಡ ಮಡಿಕೆ, ಜಠರದ ಹಿಂಭಾಗ, ಎಲ್ಲವೂ ನೋಡಿ ಮುಗಿಯುತ್ತದೆ. ಕೊಂಬಿನ ಗಾಯವನ್ನು ತೊಳೆದು, ಮಣ್ಣಿನ ನಂಜು ಒಳಗೆ ಉಳಿಯದಿರಲೆಂದು ಹೊಲಿಯದೆ ಬಿಡುತ್ತಾರೆ.

ಬಾಗಿಲಾಚೆ ಹಮಾಲನ ಹೆಂಡತಿ ಕಾದಿದ್ದಾಳೆ. "ಹೊಟ್ಟಿ ಕೊಯ್ದ್ರೇನ್ರಿ ಸಾಹೇಬ್ರ?"

"ಇಲ್ಲವ್ವಾ, ಮೂರು ಸಣ್ಣ ತೂತಿನಾಗ ಮುಗೀತು. ಆದ್ರ ಕರುಳಿಗೆ ಒಂದು ಕಡೆ ಪೆಟ್ಟಾಗೇತಿ. ಹೊಟ್ಟಿ ಬ್ಯಾನಿ ಹೆಚ್ಚಾದ್ರ, ಜ್ವರ ಬಂದ್ರ ಕೂಡ್ಲೆ ಸಿಸ್ಟರ್‌ಗೆ ಹೇಳು. ಆವಾಗ ಕೊಯ್ಯೋದ ಬರಬಹುದು."