ಹೆಲ್ಮೆಟ್ ಹಾಕಿದವರು ಮೆತ್ತಗಿನವರೇ?



ನಮ್ಮ ಯುವ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೆಲವು ತಿಂಗಳಿಂದ ಒಂದೇ ಬಗೆಯ ವಿಡಿಯೋಗಳು ಬಂದು ಬೀಳುತ್ತಿವೆ. ಒಂದರಲ್ಲಿ ಬರೀ ಚಡ್ಡಿ, ಅಂಗಿಯಲ್ಲಿರುವ ರಗ್ಬಿ ಆಟಗಾರ ಎದುರಾಳಿಯ ಸೊಂಟ ಹಿಡಿದು ಕೆಡವುತ್ತಾನೆ. ಇನ್ನೊಂದರಲ್ಲಿ ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡ ಅಮೆರಿಕನ್ ಫುಟ್‌ಬಾಲ್ ಆಟಗಾರ ಲಾರಿಯ ಹಾಗೆ ಬಂದು ಗುದ್ದುತ್ತಾನೆ. ಕೆಳಗೆ ಜಗಳ ಶುರು. "ಇಷ್ಟೆಲ್ಲ ಕಟ್ಟಿಕೊಂಡು ಆಡೋದೂ ಒಂದು ಆಟವಾ?" ಎಂದು ಒಬ್ಬರು, "ಆ ಗುದ್ದು ಒಮ್ಮೆ ತಿಂದು ನೋಡು" ಎಂದು ಮತ್ತೊಬ್ಬರು. ಕಾಸರಗೋಡಿನವರಾದ ನಮಗೆ ಸೆವೆನ್ಸ್ ಎಂದರೆ ಕಾಲ್ಚೆಂಡು, ರಗ್ಬಿ ಸೆವೆನ್ಸ್ ಅಲ್ಲ. ಆದರೂ ಜಗಳಕ್ಕೇನೂ ಕಡಿಮೆ ಇಲ್ಲ. ಹೀಗಾಗಿ ನಾವು ನಾಲ್ಕೈದು ಮಂದಿ ತುಣುಕು ವಿಡಿಯೋ ಬಿಟ್ಟು ಎರಡೂ ಆಟಗಳ ಪೂರ್ತಿ ಪಂದ್ಯ ನೋಡಿದೆವು, ನಿಯಮಗಳನ್ನು ಓದಿದೆವು. ಬಿಎಸ್ಸಿಯಲ್ಲಿ ಕಲಿತದ್ದು ಸ್ವಲ್ಪ ಇಲ್ಲಿ ಉಪಯೋಗಕ್ಕೂ ಬಂತು.

ಮೊದಲು ಗಡಿಯಾರ. ರಗ್ಬಿ ಯೂನಿಯನ್ ಪಂದ್ಯ 80 ನಿಮಿಷ, 40ರ ಎರಡು ಅವಧಿ. ಅದರಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 35 ನಿಮಿಷ. ಅಮೆರಿಕನ್ ಫುಟ್‌ಬಾಲ್ ಲೆಕ್ಕಕ್ಕೆ 60 ನಿಮಿಷ, ಟಿವಿಯಲ್ಲಿ ಮೂರು ಗಂಟೆಗೂ ಹೆಚ್ಚು. ಆದರೆ ಚೆಂಡು ಆಟದಲ್ಲಿರುವುದು 11 ನಿಮಿಷದ ಆಸುಪಾಸು ಎಂದು ಅಲ್ಲಿನ ಪತ್ರಿಕೆಯೊಂದು 2010ರಲ್ಲಿ ಎಣಿಸಿ ಬರೆದಿತ್ತು. ಒಂದು ಪ್ಲೇ ನಾಲ್ಕರಿಂದ ಆರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ಮುಂದಿನದಕ್ಕೆ 40 ಸೆಕೆಂಡಿನ ತನಕ ಸಮಯ. ಅದೂ ಸಾಲದೆಂದು ದಾಳಿಗೆ ಬೇರೆ 11 ಮಂದಿ, ರಕ್ಷಣೆಗೆ ಬೇರೆ 11 ಮಂದಿ. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ರಗ್ಬಿಯಲ್ಲಿ ಅದೇ 15 ಮಂದಿ ದಾಳಿಯನ್ನೂ ಮಾಡಬೇಕು, ರಕ್ಷಣೆಯನ್ನೂ ಮಾಡಬೇಕು. ಬದಲಿಗಳು ಎಂಟು ಮಾತ್ರ.

ಇಷ್ಟು ಕೇಳಿದ ಕೂಡಲೇ ರಗ್ಬಿ ಪಕ್ಷದವರು ಗೆದ್ದೆವೆಂದು ಕೂಗಿದರು. ನಿಲ್ಲಿ.

ನಮ್ಮ ಸ್ನಾಯುಗಳಲ್ಲಿ ತಕ್ಷಣ ಉರಿಯುವ ಇಂಧನ ಬಹಳ ಸ್ವಲ್ಪ. ಎಟಿಪಿ ಮತ್ತು ಅದನ್ನು ಕೂಡಲೇ ತುಂಬಿಕೊಡುವ ಕ್ರಿಯಾಟಿನ್ ಫಾಸ್ಫೇಟ್ ಸೇರಿ, ಪೂರ್ಣ ಶಕ್ತಿ ಹಾಕಿದರೆ ಹತ್ತು ಸೆಕೆಂಡಿನೊಳಗೆ ಬಹುಪಾಲು ಖಾಲಿ. ಸ್ವಲ್ಪ ವಿಶ್ರಾಂತಿ ಸಿಕ್ಕರೆ ಅದು ಮತ್ತೆ ತುಂಬುತ್ತಾ ಬರುತ್ತದೆ. ಅಮೆರಿಕನ್ ಫುಟ್‌ಬಾಲ್‌ನ ಐದು ಸೆಕೆಂಡು ಈ ಇಂಧನಕ್ಕೆಂದೇ ಅಳೆದು ಹೊಲಿದಂತಿದೆ. ಅಂದರೆ ಅಲ್ಲಿ ಪ್ರತಿ ಸಲವೂ ಆಟಗಾರ ಹೆಚ್ಚುಕಡಿಮೆ ಪೂರ್ಣ ಶಕ್ತಿಯಲ್ಲಿ ನುಗ್ಗುತ್ತಾನೆ, ಎದುರಿನವನೂ ಹಾಗೆಯೇ. ಒಂದು ಪಂದ್ಯದಲ್ಲಿ ಒಂದೊಂದು ತಂಡಕ್ಕೆ ಇಂಥ ಅರುವತ್ತಕ್ಕೂ ಹೆಚ್ಚು ಪ್ಲೇಗಳು. ರಗ್ಬಿಯಲ್ಲಿ ಒಬ್ಬ ಆಟಗಾರ ಐದರಿಂದ ಏಳು ಕಿಲೋಮೀಟರ್ ಓಡಾಡುತ್ತಾನೆ. ಅಲ್ಲಿ ಉಸಿರು ಹಿಡಿದಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ಕಬಡ್ಡಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 30 ಸೆಕೆಂಡಿನ ರೈಡ್‌ನಲ್ಲಿ ಆಗುವ ದಣಿವು ಬೇರೆ, ಎರಡು ಅವಧಿ ಮುಗಿದಾಗ ಆಗುವ ದಣಿವು ಬೇರೆ.

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ ವ್ಯತ್ಯಾಸ ಇನ್ನೊಂದಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದವನು ಕೆಳಗೆ ಬಿದ್ದರೆ ಆಟ ನಿಲ್ಲುತ್ತದೆ. ರಗ್ಬಿಯಲ್ಲಿ ಬಿದ್ದ ಮೇಲೇ ಕಷ್ಟದ ಕೆಲಸ. ಬಿದ್ದವನು ಚೆಂಡು ಬಿಡಬೇಕು, ಕೆಡವಿದವನು ಅವನನ್ನು ಬಿಟ್ಟು ಏಳಬೇಕು, ಎರಡೂ ಕಡೆಯವರು ಮೇಲೆ ನಿಂತು ಒಬ್ಬರನ್ನೊಬ್ಬರು ತಳ್ಳಬೇಕು. ಇದು ರಕ್. ಅದು ಮುಗಿಯುವಷ್ಟರಲ್ಲಿ ಚೆಂಡು ಆಚೆ ಹೋಗಿರುತ್ತದೆ, ಮತ್ತೆ ಓಟ. ಫ್ಲ್ಯಾಂಕರ್ ಸ್ಥಾನದವನು ಒಂದೇ ಪಂದ್ಯದಲ್ಲಿ ಹದಿನೈದು ಇಪ್ಪತ್ತು ಟ್ಯಾಕಲ್ ಮಾಡುವುದುಂಟು. ಸ್ಕ್ರಮ್ ಬಗ್ಗೆ ಹೇಳುವುದಾದರೆ ಅದು ಹಗ್ಗಜಗ್ಗಾಟವನ್ನು ತಿರುವಿ ಹಾಕಿದ ಹಾಗೆ: ಎಳೆಯುವ ಬದಲು ಎಂಟು ಮಂದಿ ಎಂಟು ಮಂದಿಯನ್ನು ತಳ್ಳುವುದು. ಹೊರಗಿನಿಂದ ನೋಡಿದರೆ ಯಾರೂ ಅಲುಗಾಡುತ್ತಿಲ್ಲ ಅನಿಸುತ್ತದೆ. ಹಗ್ಗ ಹಿಡಿದು ಕಾಲೂರಿ ನಿಂತವರಿಗೆ ಗೊತ್ತು, ಅಲುಗಾಡದೆ ನಿಲ್ಲುವುದಕ್ಕೇ ಎಷ್ಟು ಶಕ್ತಿ ಬೇಕೆಂದು.

ಆಟ ಬೇರೆಯಾದರೆ ದೇಹವೂ ಬೇರೆ. ಜೋರ್ಡನ್ ಮೈಲಾಟಾ ಎಂಬವರು ಆಸ್ಟ್ರೇಲಿಯಾದಲ್ಲಿ 13 ಮಂದಿಯ ರಗ್ಬಿ ಲೀಗ್ ಆಡುತ್ತಿದ್ದವರು. ಎತ್ತರ ಎರಡು ಮೀಟರಿಗೂ ಮೇಲೆ, ತೂಕ ಸುಮಾರು 165 ಕಿಲೋ. ಅಷ್ಟು ದೊಡ್ಡ ಮೈಯನ್ನು ಹೊತ್ತುಕೊಂಡು ರಗ್ಬಿಯಲ್ಲಿ ಪೂರ್ತಿ ಹೊತ್ತು ಓಡಾಡುವುದು ಸುಲಭವಲ್ಲ. ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡದಿದ್ದರೂ 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವರನ್ನು ಆರಿಸಿತು. 2020ರ ತನಕ ಕಾದು ಕಲಿತರು, 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. ಚೆಂಡು ಹಿಡಿಯುವುದು ಅವರ ಕೆಲಸವಲ್ಲ, ಎದುರಿನಿಂದ ನುಗ್ಗುವವನನ್ನು ಕೆಲವು ಸೆಕೆಂಡು ತಡೆಯುವುದೇ ಕೆಲಸ. ಇನ್ನೊಂದು ಕಡೆ ವೇಲ್ಸ್‌ನ ಲೂಯಿ ರೀಸ್-ಜಾಮಿಟ್. ಮಿಂಚಿನಂತೆ ಓಡುವ ರಗ್ಬಿ ವಿಂಗರ್. 2024ರ ಜನವರಿಯಲ್ಲಿ ರಗ್ಬಿ ಬಿಟ್ಟು ಅಮೆರಿಕಕ್ಕೆ ಹೋದರು, ಲೀಗ್‌ನ ಒಂದೂ ಪಂದ್ಯ ಆಡಲಾಗದೆ 2025ರಲ್ಲಿ ರಗ್ಬಿಗೇ ಮರಳಿದರು. ಕಾಲಿನ ವೇಗವೊಂದೇ ಸಾಕಾಗುವುದಿಲ್ಲ ಎಂದಾಯಿತು. ಎರಡೂ ಕಡೆ ಸೈ ಅನಿಸಿಕೊಂಡವರು ವಿರಳ. ನೇಟ್ ಎಬ್ನರ್ ಅಂಥವರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಟಗಾರನಾಗಿದ್ದಾಗಲೇ ರಜೆ ಪಡೆದು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಗ್ಬಿ ಸೆವೆನ್ಸ್ ತಂಡದಲ್ಲಿ ಆಡಿದರು.

ಇನ್ನು ಹೆಲ್ಮೆಟ್ಟಿನ ವಿಷಯ. ರಗ್ಬಿಯಲ್ಲಿ ಚೆಂಡು ಹಿಡಿದವನನ್ನು ಮಾತ್ರ ಕೆಡವಬಹುದು, ಭುಜದ ಕೆಳಗೆ ಹಿಡಿಯಬೇಕು, ಕೈಗಳಿಂದ ಬಳಸಬೇಕು. ಒಂದೆರಡು ಮೀಟರ್ ಬಿಟ್ಟುಕೊಟ್ಟರೂ ದೊಡ್ಡ ನಷ್ಟವಿಲ್ಲ, ಆದ್ದರಿಂದ ಪಕ್ಕದಿಂದ ಹಿಡಿದು ಅವನ ಓಟದಲ್ಲೇ ಅವನನ್ನು ಬೀಳಿಸಬಹುದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಗಜಕ್ಕೂ ಜಗಳ, ಹಾಗಾಗಿ ಎದುರಾಳಿಯನ್ನು ನಿಂತಲ್ಲೇ ನಿಲ್ಲಿಸಬೇಕು. ಚೆಂಡಿಲ್ಲದವನನ್ನೂ ಗುದ್ದಿ ತಡೆಯಬಹುದು. ನಾವು ಹಾಕಿದ ಲೆಕ್ಕ ಇದು: 100 ಕಿಲೋ ತೂಕದವನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿದರೆ ಅವನ ಚಲನಶಕ್ತಿ 3200 ಜೂಲ್. 50 ಕಿಲೋ ಅಕ್ಕಿ ಮೂಟೆಯನ್ನು ಆರೂವರೆ ಮೀಟರ್ ಎತ್ತರದಿಂದ ಕೆಳಗೆ ಬಿಟ್ಟಷ್ಟು. ವೇಗ ಇಮ್ಮಡಿಯಾದರೆ ಈ ಶಕ್ತಿ ನಾಲ್ಕು ಪಟ್ಟು. ಇಂಥ ಇಬ್ಬರು ಎದುರುಬದುರಾಗಿ ಬರುವ ಆಟಕ್ಕೆ ಹೆಲ್ಮೆಟ್ ಬೇಕಾದದ್ದು ಪುಕ್ಕಲುತನದಿಂದಲ್ಲ.

ಬೇಕಾದದ್ದು ಸಾವಿನಿಂದ. 1905ರ ಒಂದೇ ಋತುವಿನಲ್ಲಿ ಹದಿನೆಂಟರಷ್ಟು ಮಂದಿ ಈ ಆಟದಿಂದ ಸತ್ತರೆಂದು ಆ ಕಾಲದ ಪತ್ರಿಕೆಗಳು ಲೆಕ್ಕ ಕೊಟ್ಟಿದ್ದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೇ ಕರೆಸಿ ಮಾತಾಡಿದರು. ಮರುವರ್ಷ ನಿಯಮಗಳು ಬದಲಾದವು. ವೃತ್ತಿಪರ ಲೀಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1943ರಲ್ಲಿ. ಆಮೇಲೆ ಆದದ್ದು ವಿಚಿತ್ರ. ತಲೆಗೆ ಗಟ್ಟಿ ಚಿಪ್ಪು ಬಂದ ಮೇಲೆ ಆಟಗಾರರು ತಲೆಯಿಂದಲೇ ಗುದ್ದತೊಡಗಿದರು. ಕತ್ತು ಮುರಿಯುವುದು ಹೆಚ್ಚಾಗಿ, 1976ರಲ್ಲಿ ಶಾಲಾ ಕಾಲೇಜು ಆಟದಲ್ಲಿ ಹಾಗೆ ತಲೆ ಮುಂದೆ ಹಾಕಿ ಗುದ್ದುವುದನ್ನೇ ನಿಷೇಧಿಸಬೇಕಾಯಿತು.

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ನೋಡಿಕೊಳ್ಳುತ್ತದೆ. ಆದರೆ ಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ನಿಲ್ಲಿಸಲಾರದು. ಪಿಟ್ಸ್‌ಬರ್ಗ್ ತಂಡದ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮಿದುಳಿನಲ್ಲಿ ಸಿಟಿಇ ಎಂಬ ಹಾನಿಯನ್ನು ಗುರುತಿಸಿದರು. ವೆಬ್‌ಸ್ಟರ್ ಆಡುತ್ತಿದ್ದದ್ದು ಸೆಂಟರ್ ಸ್ಥಾನದಲ್ಲಿ. ಅಲ್ಲಿ ವಿಡಿಯೋದಲ್ಲಿ ಕಾಣುವಂಥ ಭಾರೀ ಡಿಕ್ಕಿ ಅಪರೂಪ, ಸಣ್ಣ ಗುದ್ದು ಮಾತ್ರ ಪ್ರತಿ ಪ್ಲೇಯಲ್ಲೂ. ರಗ್ಬಿ ಪಕ್ಷದವರು ಇಲ್ಲೂ ಸಮಾಧಾನಪಡುವಂತಿಲ್ಲ. 2003ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದ ಸ್ಟೀವ್ ಥಾಂಪ್ಸನ್ 2020ರಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ, ತಮಗೆ ಮರೆವಿನ ಕಾಯಿಲೆ ಇದೆಯೆಂದು ಹೇಳಿಕೊಂಡರು. ಆ ಫೈನಲ್ ಗೆದ್ದದ್ದೇ ಅವರಿಗೆ ನೆನಪಿಲ್ಲ. ಆ ಸಾಲು ಓದಿದಾಗ ನಮ್ಮ ಗುಂಪಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಈಗ ಎರಡೂ ಆಟಗಳವರು ಎಚ್ಚೆತ್ತಿದ್ದಾರೆ. ವರ್ಲ್ಡ್ ರಗ್ಬಿ 2021ರಲ್ಲಿ ಕೊಟ್ಟ ಸಲಹೆಯಂತೆ, ಪೂರ್ಣ ಬಲದ ಗುದ್ದಾಟದ ಅಭ್ಯಾಸ ವಾರಕ್ಕೆ 15 ನಿಮಿಷ ದಾಟಬಾರದು. ಅಮೆರಿಕದ ಲೀಗ್‌ನಲ್ಲಿ 2011ರ ಒಪ್ಪಂದದಿಂದ ಋತು ನಡೆಯುವಾಗ ಪ್ಯಾಡ್ ಕಟ್ಟಿ ಮಾಡುವ ಅಭ್ಯಾಸ 14 ದಿನಕ್ಕೆ ಇಳಿಯಿತು. ಪೆಟ್ಟು ಬಿತ್ತೆಂಬ ಸಂಶಯ ಬಂದರೆ ಸಾಕು, ಆಟಗಾರನನ್ನು ಹೊರಗೆ ತರಬೇಕೆಂಬುದು ಈಗ ಎರಡೂ ಕಡೆಯ ನಿಯಮ.

ಆದ್ದರಿಂದ ಯಾವುದು ಕಷ್ಟ ಎಂದು ಕೇಳಿದರೆ: ಉಸಿರಿಗೆ ರಗ್ಬಿ, ಒಂದೊಂದು ಗುದ್ದಿಗೆ ಅಮೆರಿಕನ್ ಫುಟ್‌ಬಾಲ್. ನಮ್ಮಲ್ಲಿ ಇಬ್ಬರು ಇದನ್ನು ಇನ್ನೂ ಒಪ್ಪಿಲ್ಲ, ಅವರು ಕಮೆಂಟಿನಲ್ಲಿ ಬರೆಯಲಿ.

ಕೊನೆಗೆ ಕಬಡ್ಡಿ ಆಡುವವರಿಗೆ ಒಂದು ಸೂಚನೆ. ಊರಿನ ಪಂದ್ಯಗಳಲ್ಲಿ ತಲೆಗೆ ಪೆಟ್ಟಾದವನಿಗೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ಮತ್ತೆ ಒಳಗೆ ಕಳಿಸುವುದನ್ನು ನಾವೆಲ್ಲ ನೋಡಿದ್ದೇವೆ. ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಪೆಟ್ಟಾಗಿರಬಹುದು. ತಲೆನೋವು, ವಾಂತಿ, ತೂರಾಡುವುದು, ಕೇಳಿದ್ದನ್ನೇ ಮತ್ತೆ ಕೇಳುವುದು ಅದರ ಗುರುತುಗಳು. ಕ್ರಿಸ್ಮಸ್ ಮೊದಲು ನಡೆಯುವ ನಮ್ಮ ಪಂದ್ಯದಲ್ಲಿ ಅಂಥವರು ಆ ದಿನ ಮತ್ತೆ ಆಡುವಂತಿಲ್ಲ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿಯೂ ಸಿದ್ಧವಿರುತ್ತದೆ. ತೀರ್ಮಾನ ಕ್ಯಾಪ್ಟನ್‌ನದ್ದಲ್ಲ, ಆಟಗಾರನದ್ದೂ ಅಲ್ಲ. ನಮ್ಮ ಧರ್ಮಕೇಂದ್ರದಲ್ಲಿ ನರ್ಸ್‌ಗಳಿಗೆ ಬರವಿಲ್ಲವಲ್ಲ, ಇಬ್ಬರು ಅಕ್ಕಂದಿರು ಅಂಗಳದ ಬದಿಯಲ್ಲಿ ಕೂರಲು ಒಪ್ಪಿದ್ದಾರೆ. ಅವರು ಕೂತುಕೋ ಅಂದರೆ ಕೂರಬೇಕು, ಫೈನಲ್ ಆದರೂ.